ತಂಪಕ್ಕನ ಕೋಣೆ

"ಬಾಗಿಲು ಹಾಕ್ರಪ್ಪಾ, ತಂಪೆಲ್ಲ ಹೊರಗೆ ಹೋಗುತ್ತೆ!" ತಂಪಕ್ಕನ ಮಗ ಒಳಗಿನಿಂದ ಕೂಗಿದ.

ನೋಡಲು ಬಂದಿದ್ದ ಇಬ್ಬರು ಹೊಸ್ತಿಲಿಂದಲೇ ಇಣುಕಿ ಹಿಂದೆ ಸರಿದರು. ಬಾಗಿಲು ಮುಚ್ಚಿತು. ಕೋಣೆಯಲ್ಲಿದ್ದದ್ದು ಒಂದು ಹೊಲಿಗೆ ಮಷೀನು, ಒಂದು ಮಂಚ, ಮಂಚದ ಮೇಲೆ ಅವನ ತಾಯಿ. ಬೆಳಿಗ್ಗೆ ಆ ಮಷೀನಿನ ಮೇಲೆಯೇ ತಲೆಯಿಟ್ಟು ಸತ್ತಿದ್ದಳು. ಒಂದೇ ತೋಳು ಹೊಲಿದಿದ್ದ ಅಂಗಿ ಇನ್ನೂ ಸೂಜಿಗೆ ಸಿಕ್ಕಿಕೊಂಡಿತ್ತು.

ಬೀದಿಗೆಲ್ಲ ಅದೊಂದೇ ತಂಪಾದ ಕೋಣೆ. ಸಂಜೆಯವರೆಗೆ ಹೆಣ ಕೆಡಬಾರದೆಂದರೆ ಅಲ್ಲೇ ಇರಬೇಕು ಎಂದು ಮಗ ತೀರ್ಮಾನಿಸಿದ್ದ. ಊರಿಗೆ ಇದ್ದದ್ದು ಒಂದೇ ಹೆಣದ ಗಾಡಿ. ಈ ವಾರದ ಬಿಸಿಲಿಗೆ ಅದಕ್ಕೆ ಪುರುಸೊತ್ತೇ ಇರಲಿಲ್ಲ. ಗುಂಡಿ ತೋಡುವವರು ಬಿಸಿಲು ಇಳಿಯದೆ ಗುದ್ದಲಿ ಮುಟ್ಟುವುದಿಲ್ಲ ಎಂದಿದ್ದರು.

ಹೊರಗೆ ಟಾರ್ಪಾಲಿನ ಕೆಳಗೆ ಬೀದಿಯ ಜನ ಕೂತಿದ್ದರು. ಟಾರ್ಪಾಲು ಬಿಸಿಲನ್ನು ತಡೆಯುತ್ತಿತ್ತು, ಕಾವನ್ನಲ್ಲ.

"ಬದುಕಿದ್ದಿದ್ರೆ ಇಷ್ಟೊತ್ತಿಗೆ ನಮ್ಮನ್ನೆಲ್ಲ ಒಳಗೆ ಕೂರಿಸಿ ಬೈತಿದ್ಲು," ಎಂದ ಎದುರುಮನೆಯ ಇಸ್ತ್ರಿಯವನು. "ಹೆಸರಿಗೆ ತಂಪಕ್ಕ. ಬಾಯಿ ಮಾತ್ರ ಕಾದ ಹೆಂಚು."

ಯಾರೋ ನಕ್ಕರು. ಸತ್ತವಳ ತಂಗಿ ತಿರುಗಿ ನೋಡಿದಳು. ನಗು ಅಲ್ಲಿಗೇ ನಿಂತಿತು.

ಇಸ್ತ್ರಿಯವನ ಹೆಂಡತಿ ತುಂಬು ಬಸುರಿ. ಗೋಡೆಗೆ ಒರಗಿ ಕೂತಿದ್ದಳು. ಮನೆಗೆ ಹೋಗಿ ಮಲಗು ಎಂದರೆ, ತಗಡಿನ ಮಾಡಿನ ಕೆಳಗೆ ಮಲಗಿ ಬೇಯಲಾ ಎಂದು ಕೇಳಿದ್ದಳು. ನೀರು ಹಂಚುತ್ತ ಬಂದ ತಂಪಕ್ಕನ ಸೊಸೆ ಅವಳ ಮುಂದೆ ಒಂದು ಗಳಿಗೆ ನಿಂತಳು. ಎಲ್ಲರ ಮುಖದಲ್ಲೂ ಬೆವರು ಸುರಿಯುತ್ತಿತ್ತು. ಬಸುರಿಯ ಮುಖ ಮಾತ್ರ ಒಣಗಿ ಕೆಂಪಾಗಿತ್ತು.

*

ತಂಪಕ್ಕನ ಹುಚ್ಚು ಶುರುವಾದದ್ದು ಪಕ್ಕದ ಮನೆಯ ಬೀಗದ ರಿಪೇರಿಯವನು ಸತ್ತ ಬೇಸಿಗೆಯಲ್ಲಿ. ಬಾಗಿಲು ಹಾಕಿಕೊಂಡು ಮಲಗಿದವನು ಸಂಜೆಯಾದರೂ ಏಳಲಿಲ್ಲ. ಒಳಗೆ ಹೋದವರು ಬೆಂಕಿಗೂಡಿಗೆ ನುಗ್ಗಿದಂತೆ ಹಿಂದಕ್ಕೆ ಬಂದರು. ತಂಪಕ್ಕ ಅಳಲಿಲ್ಲ. ಮರುದಿನ ಏಣಿ ಹಾಕಿ ತನ್ನ ಹೊಲಿಗೆ ಕೋಣೆಯ ತಾರಸಿ ಹತ್ತಿ, ಕಾವು ಇಳಿಯಲೆಂದು ಸುಣ್ಣ ಬಳಿದಳು.

ಆಮೇಲೆ ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಕಟ್ಟಿದಳು. ಕೋಣೆ ಅನ್ನ ಬೇಯಿಸುವ ಪಾತ್ರೆಯಂತಾಯಿತು. ತಂಪಿಗೆಂದು ಅವಳು ಕರೆದು ಕೂರಿಸಿದ್ದ ಮುದುಕನೊಬ್ಬ ಉಸಿರು ಕಟ್ಟಿ ಹೊರಗೋಡಿದ. "ನನ್ನದೇ ತಪ್ಪು. ಬೇರೆ ಏನಾದ್ರೂ ಮಾಡಿ ನೋಡೋಣ," ಎಂದು ಗೋಣಿ ಕಿತ್ತೆಸೆದಳು. ಸೂರಿನ ಹತ್ತಿರ ಗೋಡೆ ಒಡೆಸಿ ಗವಾಕ್ಷಿ ಮಾಡಿಸಿದಳು. ಮೊದಲ ಮಳೆಗೆ ಅದರಿಂದ ನೀರು ನುಗ್ಗಿ ಗಿರಾಕಿಗಳ ಬಟ್ಟೆ ನೆನೆಯಿತು. ಅದಕ್ಕೊಂದು ಮರೆ ಕಟ್ಟಿಸಿದಳು. ಹೀಗೆ ಕೆಡಿಸಿ ಕೆಡಿಸಿ ಕೋಣೆ ತಂಪಾಯಿತು. ಅಲ್ಲಿ ಮೊದಲು ಬಂದವರಿಗೆ ಒಳ್ಳೆಯ ಜಾಗವೆಂಬ ನಿಯಮವಿರಲಿಲ್ಲ. ಯಾರಿಗೆ ಹೆಚ್ಚು ಸುಸ್ತೋ ಅವರಿಗೆ ಬಿಸಿಲು ತಾಗದ ಒಳಗೋಡೆಯ ಪಕ್ಕ. ಜಾಗ ಬಿಡದವರಿಗೆ ಬೈಗುಳ.

ಅದರ ಮುಂದಿನ ಬೇಸಿಗೆ ಮೋಡದಲ್ಲೇ ಕಳೆಯಿತು. ಕೋಣೆಗೆ ಒಂದು ನರಪಿಳ್ಳೆಯೂ ಬರಲಿಲ್ಲ.

"ಊರ ಉಸಾಬರಿ ನಮಗ್ಯಾಕಮ್ಮ?" ಎಂದ ಮಗ. "ಮೊಬೈಲ್ ರಿಪೇರಿಯವನು ಬಾಡಿಗೆಗೆ ಕೇಳ್ತಿದಾನೆ. ಕೊಟ್ಬಿಡೋಣ."

ಅವಳು ಶಾಲೆಯ ಲಂಗವೊಂದರ ಅಂಚನ್ನು ಒಳಕ್ಕೆ ಮಡಚುತ್ತಿದ್ದಳು. "ಈ ಹುಡುಗಿ ಮುಂದಿನ ವರ್ಷ ಎಷ್ಟುದ್ದ ಆಗ್ತಾಳೆ ಹೇಳು?"

"ನನಗೇನು ಗೊತ್ತು?"

"ನನಗೂ ಗೊತ್ತಿಲ್ಲ. ಅದಕ್ಕೇ ಒಳಗೆ ಬಟ್ಟೆ ಬಿಡೋದು."

"ಬೆಳೀಲೇ ಇಲ್ಲ ಅಂದ್ರೆ?"

"ಬಿಡು, ನಾಲ್ಕು ಬೆರಳು ಬಟ್ಟೆ ತಾನೇ."

"ಲಂಗ ಹೊಲಿ, ಪುರಾಣ ಬೇಡ," ಎಂದು ಅವನು ಎದ್ದುಹೋದ. ಆ ಬೇಸಿಗೆಯೆಲ್ಲ ತಾಯಿ ಮಗ ಸರಿಯಾಗಿ ಮಾತಾಡಲಿಲ್ಲ.

*

ಮಧ್ಯಾಹ್ನ ಇಸ್ತ್ರಿಯವನ ಹೆಂಡತಿ ಎದ್ದು ನಿಲ್ಲಲು ಹೋಗಿ ಗೋಡೆಗುಂಟ ಜಾರಿ ಕುಸಿದಳು. ಕರೆದರೆ ಏನೇನೋ ಬಡಬಡಿಸಿದಳು. ಗಂಡ ಆಂಬ್ಯುಲೆನ್ಸಿಗೆ ಫೋನ್ ಮಾಡಿದ. "ಬರ್ತೀವಿ ಅಂದ್ರು. ಯಾವಾಗ ಅಂತ ಹೇಳ್ಲಿಲ್ಲ," ಎಂದು ಫೋನನ್ನೇ ನೋಡುತ್ತ ನಿಂತ.

ಸೊಸೆ ಬಾಗಿಲು ನೂಕಿ ಒಳಗೆ ಬಂದಳು. "ರೀ, ಮಂಚ ಹಿಡೀರಿ. ಅತ್ತೇನ ಹೊರಗಿಡೋಣ. ಅವಳನ್ನ ಇಲ್ಲಿ ಮಲಗಿಸ್ಬೇಕು."

"ತಲೆ ಕೆಟ್ಟಿದ್ಯಾ ನಿಂಗೆ?"

"ಇನ್ನೆಲ್ಲಿ ಮಲಗಿಸೋದು? ಹಿಂದಿನ ಕೋಣೆ ಒಲೆ ಥರ ಕಾದಿದೆ. ಇಲ್ಲಿ ಮಂಚ ಬಿಟ್ರೆ ಕಾಲಿಡಕ್ಕೂ ಜಾಗ ಇಲ್ಲ."

ಮಾತು ಕೇಳಿ ತಂಗಿ ಬಾಗಿಲಿಗೆ ಅಡ್ಡ ನಿಂತಳು. "ಹೆತ್ತ ತಾಯೀನ ಬೀದಿಗೆ ಹಾಕ್ತೀಯೇನೋ? ನಾಳೆ ಜನ ಮುಖಕ್ಕೆ ಉಗೀತಾರೆ."

"ಗಾಡಿ ಯಾವಾಗ ಬರುತ್ತೋ ಗೊತ್ತಿಲ್ಲ," ಮಗನ ಸ್ವರ ಇಳಿಯಿತು. "ಈ ಬಿಸಿಲಲ್ಲಿ ಅಮ್ಮ ಊದ್ಕೊಂಡ್ರೆ? ಆ ಬಸುರಿಗೆ ಬರೀ ತಲೆಸುತ್ತು ಇರಬಹುದು ಕಣೇ. ಏನೂ ಆಗದೆ ಇದ್ರೆ?"

"ಆಗದೆ ಇದ್ರೆ ಒಳ್ಳೇದೇ ಅಲ್ವಾ?" ಎಂದಳು ಸೊಸೆ. "ಅತ್ತೆ ಹೋಗಿ ಆಯ್ತು. ಅವಳು ಇನ್ನೂ ಹೋಗಿಲ್ಲ."

ಮಗ ಒಳಗೋಡೆಯ ಪಕ್ಕದ ಮಂಚವನ್ನು ನೋಡಿದ. ಅಮ್ಮನ ಬಾಯಿ ಸ್ವಲ್ಪ ತೆರೆದಿತ್ತು. ಬೈಯಲು ತೆರೆದಂತೇನೂ ಕಾಣಲಿಲ್ಲ. ಸತ್ತವರ ಬಾಯಿ ಹಾಗೇ ಇರುತ್ತದೆ. ಅವನು ತಲೆಯ ಕಡೆ ಹೋಗಿ ಬಗ್ಗಿದ.

"ಚಿಕ್ಕಮ್ಮ, ದಾರಿ ಬಿಡು."

ಅವಳು ಬಿಡಲಿಲ್ಲ. ಮಂಚ ಹತ್ತಿರ ಬಂದಾಗ ಬೈಯುತ್ತಲೇ ಪಕ್ಕಕ್ಕೆ ಸರಿದಳು.

ಟಾರ್ಪಾಲಿನ ಕೆಳಗೆ ಕಾವು ತುಂಬಿತ್ತು. ಅದು ಬಿಟ್ಟರೆ ಬೀದಿಯಲ್ಲಿ ನೆರಳೆಂದು ಇದ್ದದ್ದು ನೀರಿನ ಟ್ಯಾಂಕಿನದು ಮಾತ್ರ. ಮಂಚವನ್ನು ಅದರ ಬುಡಕ್ಕೆ ಇಳಿಸಿದರು. ಒಳಗೆ ಬಸುರಿಯನ್ನು ಒಳಗೋಡೆಯ ಪಕ್ಕ ಎಡಮಗ್ಗುಲಿಗೆ ಮಲಗಿಸಿ, ಮೈಯೆಲ್ಲ ಒದ್ದೆ ಮಾಡಿ, ಸೊಸೆ ರಟ್ಟಿನಿಂದ ಗಾಳಿ ಹಾಕಿದಳು. ಮುದುಕರೂ ಮಕ್ಕಳೂ ಸದ್ದಿಲ್ಲದೆ ಒಬ್ಬೊಬ್ಬರಾಗಿ ಒಳಗೆ ಸೇರಿ ಗೋಡೆಗೆ ಬೆನ್ನು ಕೊಟ್ಟು ಕೂತರು. ಬಹಳ ಹೊತ್ತಿನ ಮೇಲೆ ಬಸುರಿ ವಾಂತಿ ಮಾಡಿಕೊಂಡಳು, ಕಣ್ಣು ಬಿಟ್ಟಳು, ಯಾಕಿಷ್ಟು ಜನ ಎಂದು ಕೇಳಿದಳು. ಇಸ್ತ್ರಿಯವನು ಹೊರಗೆ ಬಂದು ಟ್ಯಾಂಕಿನ ಕಡೆ ನೋಡಿದ. ಮಂಚದ ಕಡೆಗೊಮ್ಮೆ ಕೈ ಮುಗಿದು ಒಳಗೆ ಹೋದ.

ಮಗ ಮಂಚದ ಪಕ್ಕ ನೆಲದಲ್ಲಿ ಕೂತಿದ್ದ. ಆ ಕಡೆ ಚಿಕ್ಕಮ್ಮ ಟವೆಲಿನಿಂದ ನೊಣ ಓಡಿಸುತ್ತಿದ್ದಳು. ಅವನ ಮುಖ ನೋಡುತ್ತಿರಲಿಲ್ಲ.

"ಏಯ್," ಎಂದಳು ಕೊನೆಗೆ. "ಬಿಸಿಲು ಅಕ್ಕನ ಕಾಲಿಗೆ ಬಂತು. ಆ ಕಡೆ ಹಿಡಿ."

ಇಬ್ಬರೂ ಎದ್ದು ಮಂಚವನ್ನು ನೆರಳಿಗೆ ಎಳೆದರು. ಕೂತರು. ನೆರಳು ಮತ್ತೆ ಸರಿಯಿತು, ಮತ್ತೆ ಎದ್ದರು. ಹೆಣದ ಗಾಡಿ ಬೀದಿಯ ತಿರುವಿನಲ್ಲಿ ಕಾಣಿಸುವ ಹೊತ್ತಿಗೆ ಮಂಚ ರಸ್ತೆಯ ನಡುವೆ ಬಂದಿತ್ತು. ಟ್ಯಾಂಕಿನ ಬುಡದಿಂದ ಅಲ್ಲಿಯವರೆಗೆ ಧೂಳಿನಲ್ಲಿ ಮಂಚದ ಕಾಲುಗಳು ಎಳೆದ ಗೆರೆಗಳು, ಅಲ್ಲಲ್ಲಿ ನಿಂತು, ಮತ್ತೆ ಮುಂದುವರಿದು.