ಕೇಳಿದಾಗ ಸಿಕ್ಕಿದ ನರ

ಹಲಸೂರಿನ ಕೆರೆಯಂಚಿನ ವಠಾರಗಳಲ್ಲಿ ವಾಂತಿ-ಭೇದಿ ಹಬ್ಬಿದ್ದ ಬೇಸಿಗೆ ಅದು. ನನಗಾಗ ಇಪ್ಪತ್ತಮೂರು ವರ್ಷ. ಅಲ್ಲಿನ ಧರ್ಮಾಸ್ಪತ್ರೆಗೆ ದಾದಿಯಾಗಿ ಸೇರಿ ವರ್ಷವೂ ತುಂಬಿರಲಿಲ್ಲ. ಒಂಬತ್ತು ತಿಂಗಳ ಕೂಸೊಂದು ಮೈಯ ನೀರೆಲ್ಲ ಬತ್ತಿ, ಕಣ್ಣು ಗುಳಿಬಿದ್ದು ಬಂದಿತ್ತು. ಡ್ರಿಪ್ ಹಾಕಲು ಇಬ್ಬರು ವೈದ್ಯರು ನರ ಹುಡುಕಿ ಸೋತಿದ್ದರು. ನಾನು ಬೆರಳ ತುದಿಯಿಂದ ತಡವಿ ತಡವಿ, ಕಿವಿಯ ಮೇಲ್ಗಡೆ ನೂಲಿನಂಥ ನರವೊಂದನ್ನು ಹಿಡಿದೆ. ಕೂಸು ಉಳಿಯಿತು. ಅಂದಿನಿಂದ ಯಾರಿಗೆ ನರ ಸಿಗದಿದ್ದರೂ ಮುನಿವೆಂಕಟಮ್ಮನನ್ನು ಕರೆಯುವುದು ನಮ್ಮಲ್ಲಿ ರೂಢಿಯಾಯಿತು. ಆ ಹೆಮ್ಮೆಯನ್ನು ನಲವತ್ತು ವರ್ಷ ಜೋಪಾನ ಮಾಡಿದೆ.

ಅದರೊಂದಿಗೆ ಇನ್ನೊಂದು ರೂಢಿಯನ್ನೂ ಜೋಪಾನ ಮಾಡಿದ್ದೆ. ಮಾದಕ ವಸ್ತು ಚುಚ್ಚಿಕೊಳ್ಳುವವರು ಬಂದರೆ, ಅವರ ಚೀಟಿಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಗೀಟು. ಅದನ್ನು ಕಂಡವರು ಸಿರಿಂಜಿನ ತಟ್ಟೆಯನ್ನು ಒಳಗೆ ಸರಿಸಬೇಕು, ಬಂದವರನ್ನು ಸರದಿಯ ಕೊನೆಗೆ ಕೂರಿಸಬೇಕು. ಗೀಟಿನ ಅರ್ಥ ನಮಗಷ್ಟೇ ತಿಳಿದಿದೆ ಎಂದು ನಂಬಿದ್ದೆವು.

ಹೋದ ವರ್ಷ ನಮಗೆಲ್ಲ ಎರಡು ದಿನದ ತರಬೇತಿ ನಡೆಯಿತು. ಕಲಿಸಿದವರು ನಮ್ಮಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಸುಗತ. ಮಾದಕ ವಸ್ತು ಬಳಸುವವರಿಗೆ ಆಗುವ ಹಾನಿಯನ್ನು ತಗ್ಗಿಸುವುದು ಹೇಗೆ ಎಂಬುದೇ ಅಲ್ಲಿನ ಪಾಠ.

"ಅವ್ರಿಗೆ ಹೊಸ ಸೂಜಿ ಕೊಡೋದಾ? ಚಟಕ್ಕೆ ನಾವೇ ಆರತಿ ಎತ್ತಿದ ಹಾಗಾಗಲ್ವಾ ಡಾಕ್ಟ್ರೇ?" ಎಂದೆ.

"ಸಿಸ್ಟರ್, ಸಕ್ಕರೆ ಕಾಯಿಲೆಯವರು ಜಾಮೂನು ತಿಂದು ಬಂದ್ರೆ, ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡಲ್ಲ ಅಂತೀರಾ?"

"ಬೈದು ಮಾಡ್ತೀನಿ."

ಎಲ್ಲರೂ ನಕ್ಕರು. ಸುಗತರೂ ನಕ್ಕರು.

"ಇಲ್ಲಿ ಬೈಯೋದನ್ನ ಬಿಟ್ಟು ಮಾಡಿ, ಅಷ್ಟೇ. ಸೂಜಿ ಕೊಡ್ಲಿಲ್ಲ ಅಂತ ಯಾರೂ ಚುಚ್ಕೊಳ್ಳೋದು ನಿಲ್ಲಿಸಲ್ಲ, ಇನ್ನೊಬ್ಬರ ಸೂಜಿ ತಗೋತಾರೆ. ಎಚ್‌ಐವಿ, ಹೆಪಟೈಟಿಸ್ ಹರಡೋದು ಹಾಗೇ. ಬಿಡೋ ಮನಸ್ಸು ಬರೋ ದಿನಕ್ಕೆ ಅವರು ಬದುಕಿರಬೇಕು. ಅವತ್ತು ನಮ್ಮ ಬಾಗಿಲಿಗೇ ಬರಬೇಕು. ಹಾಂ, ಇನ್ನೊಂದು. ರಕ್ತ ತೆಗೆಯೋವಾಗ ಯಾವ ನರ ಸಿಗತ್ತೆ ಅಂತ ಅವರನ್ನೇ ಕೇಳಿ. ಅವರ ಮೈ ಅವರಿಗೆ ಗೊತ್ತು."

ಪಕ್ಕದಲ್ಲಿದ್ದ ಕಿರಿಯ ದಾದಿ ಲುಬ್ನಾಳನ್ನು ತಿವಿದೆ. "ಕೇಳ್ಬೇಕಂತೆ ಕಣೇ. ಅದೂ ನಾನು!"

ಆ ವಾರವೇ ಶಿವಾಜಿನಗರದ ಫಹ್ಮಿದಾ ಎಂಬಾಕೆ ತನ್ನ ತಮ್ಮ ಸಕ್ಲೇನ್‌ನನ್ನು ಕರೆತಂದಳು. ಅವನ ಎಡಗೈ ಮೊಣಕೈವರೆಗೆ ಊದಿ, ಕೀವು ತುಂಬಿತ್ತು.

"ಇಷ್ಟು ದಿನ ಏನಪ್ಪಾ ಮಾಡ್ತಿದ್ದೆ?" ಎಂದು ಗದರಿದೆ.

"ಹೋದ ತಿಂಗಳೇ ಬಂದಿದ್ದೆ ಸಿಸ್ಟರ್. ನನ್ನ ಚೀಟಿಗೆ ಕೆಂಪು ಗೀಟು ಎಳೆದ್ರಿ. ಬೇರೆ ಯಾರ ಚೀಟಿಗೂ ಇರ್ಲಿಲ್ಲ. ಎದ್ದು ಹೋಗ್ಬಿಟ್ಟೆ."

ನನಗೆ ನೆನಪಾಯಿತು. ಅಂದು ಅವನ ಕೈಯಲ್ಲಿದ್ದದ್ದು ಹುಣಿಸೆಬೀಜದಷ್ಟು ಗಂಟು.

ಸುಗತರು ಕೈಯನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. "ಇವತ್ತೇ ಡ್ರಿಪ್‌ನಲ್ಲಿ ಔಷಧಿ ಹೋಗ್ಬೇಕು. ಮತ್ತೆ ಎದ್ದು ಹೋದ್ರೆ ಕೈ ಉಳಿಯಲ್ಲ."

ಬಲಗೈಯಲ್ಲಿ ನರ ಹುಡುಕಿದೆ. ಚುಚ್ಚಿ ಚುಚ್ಚಿ ಎಲ್ಲವೂ ಗಟ್ಟಿಯಾಗಿದ್ದವು. ಒಮ್ಮೆ ತಪ್ಪಿತು, ಎರಡನೆಯ ಸಲವೂ ತಪ್ಪಿತು. ಸಕ್ಲೇನ್ ಹಲ್ಲು ಕಚ್ಚಿಕೊಂಡು ಬಾಗಿಲ ಕಡೆಗೆ ನೋಡತೊಡಗಿದ.

"ಸಾಕು ಆಪಾ, ನಡಿ ಹೋಗೋಣ," ಎಂದು ಎದ್ದೇಬಿಟ್ಟ. ಫಹ್ಮಿದಾ ಅವನ ಅಂಗಿ ಹಿಡಿದು ಅಳುತ್ತಿದ್ದಳು.

ನಲವತ್ತು ವರ್ಷದ ಹೆಮ್ಮೆಯನ್ನು ನುಂಗಿಕೊಂಡೆ.

"ಕೂತ್ಕೋ ಸಕ್ಲೇನ್. ನಂಗೆ ಸಿಗ್ತಿಲ್ಲ. ನಿಂಗೆ ಗೊತ್ತಿರತ್ತೆ. ಯಾವ ನರಕ್ಕೆ ಹಾಕ್ಲಿ, ನೀನೇ ಹೇಳಪ್ಪ."

ಅವನು ಮೊದಲ ಬಾರಿಗೆ ನನ್ನ ಮುಖ ನೋಡಿದ. ನಿಧಾನವಾಗಿ ಕುಳಿತ. ಹೆಬ್ಬೆರಳಿನ ಬುಡದಿಂದ ಎರಡು ಬೆರಳು ಮೇಲೆ, ಮಣಿಕಟ್ಟಿನ ಹೊರಬದಿಯನ್ನು ತೋರಿಸಿದ.

"ಇಲ್ಲಿ, ಅಮ್ಮಾ. ಸಣ್ಣ ಸೂಜಿ ಹಾಕಿ. ಅವಸರ ಮಾಡ್ಬೇಡಿ."

ಮೊದಲ ಚುಚ್ಚಿಗೇ ಸಿಕ್ಕಿತು. "ಪಾಸಾದ್ರಿ ಅಮ್ಮಾ," ಎಂದ. ಫಹ್ಮಿದಾ ಅಳುತ್ತಲೇ ನಕ್ಕಳು.

ಅವನ ಕೈ ಉಳಿಯಿತು. ಡ್ರೆಸಿಂಗಿಗೆ ಒಂದು ದಿನವೂ ತಪ್ಪಿಸಲಿಲ್ಲ. ಹೊಸ ಸೂಜಿ ಒಯ್ದ, ಹಳೆಯದನ್ನು ಡಬ್ಬಿಯಲ್ಲಿ ತಂದು ಒಪ್ಪಿಸಿದ, ರಕ್ತ ಪರೀಕ್ಷೆಗೂ ಒಪ್ಪಿದ. ಮೂರನೆಯ ವಾರ ತಾನಾಗಿಯೇ ಕೇಳಿದ: "ಅಮ್ಮಾ, ಇದನ್ನ ಬಿಡೋಕೆ ಮಾತ್ರೆ ಇದೆಯಂತಲ್ಲ. ನಂಗೂ ಕೊಡ್ತಾರಾ?" ಈಗ ದಿನವೂ ಬೆಳಿಗ್ಗೆ ಬಂದು, ನಮ್ಮೆದುರೇ ಆ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಾನೆ. ಕೆಂಪು ಪೆನ್ಸಿಲನ್ನು ಲುಬ್ನಾ ಮನೆಗೊಯ್ದಳು. ಅವಳ ಮಗಳು ಅದರಲ್ಲಿ ದಾಸವಾಳ ಬರೆಯುತ್ತಾಳಂತೆ.

ಆರೋಗ್ಯ ಸೇವೆಯ ನನ್ನ ಒಡನಾಡಿಗಳೇ, ನಿಮ್ಮಲ್ಲೂ ಒಂದು ಗೀಟು ಇರಬಹುದು. ಚೀಟಿಯ ಮೇಲಲ್ಲದಿದ್ದರೆ ನೋಟದಲ್ಲಿ, ದನಿಯಲ್ಲಿ. ಅದನ್ನು ಇಂದೇ ಅಳಿಸಿ. ನಿಮ್ಮ ಆಸ್ಪತ್ರೆಯಲ್ಲಿ ಈ ತರಬೇತಿ ನಡೆದರೆ ಎಷ್ಟೇ ಅನುಭವವಿದ್ದರೂ ಹೋಗಿ ಕುಳಿತುಕೊಳ್ಳಿ. ನಡೆಯದಿದ್ದರೆ ಬೇಕೆಂದು ಕೇಳಿ. ಚಟ ಬಿಟ್ಟು ಬಾ ಎನ್ನಬೇಡಿ. ಬಾ ಎನ್ನಿ.

ಮೊನ್ನೆ ಹೊಸ ದಾದಿಯರ ಮುಂದೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಲುಬ್ನಾ ಟೀ ತಂದುಕೊಟ್ಟು ಪಕ್ಕದಲ್ಲೇ ಕುಳಿತಳು.

"ಅಮ್ಮಾ, ನರ ಸಿಕ್ಕಿದ ಕಥೆ ಇನ್ನೊಂದ್ಸಲ ಹೇಳಿ."

"ಆ ಕೂಸಿಂದಾ?"

"ಅಯ್ಯೋ, ಅದಲ್ಲ. ನೀವು ಕೇಳಿದ್ರಲ್ಲ, ಅದು."