ಕಿಟಕಿಯೊಳಗಿನ ಕಳೆ

ಅಳಗಮ್ಮಾಳಿಗೆ ಪಾರ್ಶ್ವವಾಯು ಬಡಿದು ಮೂರು ತಿಂಗಳಾಗಿತ್ತು. ಮಾತು ಮೊದಲ ವಾರದಲ್ಲೇ ಮರಳಿತು. ಬೈಗುಳವಂತೂ ಅದಕ್ಕೂ ಮೊದಲೇ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟು ಕಾಲೂ ಬಂತು. ಬಲಗೈ ಮಾತ್ರ ಯಾರದೋ ಸಾಮಾನಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಬಿಸಿ ಲೋಟ ತಾಗಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಸೊಸೆ ಮುತ್ತುಸೆಲ್ವಿಗೆ ವೇದಸಂದೂರಿನ ನೂಲಿನ ಮಿಲ್ಲಿನಲ್ಲಿ ಬೆಳಗಿನ ಪಾಳಿ. ಅವಳು ಬರುವವರೆಗೆ ಕೆಳಮನೆಯ ವೀರಮ್ಮಾಳ್ ಆಗಾಗ ಬಂದು ಇಣುಕಿ ಹೋಗುತ್ತಿದ್ದಳು. ಮಧ್ಯಾಹ್ನ ತಲೆತುಂಬ ಹತ್ತಿಯ ಧೂಳು ಹೊತ್ತು ಬಂದು, ಅತ್ತೆಗೆ ತುತ್ತು ಕೊಟ್ಟು, ಸ್ನಾನ ಮಾಡಿಸಿ, ಬಟ್ಟೆ ಒಗೆದು ಮುಗಿಸುವ ಹೊತ್ತಿಗೆ ಮುತ್ತುಸೆಲ್ವಿಗೆ ಕೂರುವುದಕ್ಕೂ ಸುಸ್ತು. ಪೊಂಗಲ್ ಒಳಗೆ ಅಮ್ಮನ ಕೈ ಬರದಿದ್ದರೆ ನೀನು ಮಿಲ್ಲು ಬಿಡಬೇಕು ಎಂದು ಗಂಡ ಶಿವಬಾಲನ್ ಫೋನಿನಲ್ಲೇ ತೀರ್ಪು ಕೊಟ್ಟಿದ್ದ. ಅವನದು ಬಾಳೆಕಾಯಿ ಲಾರಿ, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ನಾನು ಲಾರಿ ಬಿಡುತ್ತೇನೆ ಎಂದು ಅವನ ಬಾಯಲ್ಲಿ ಬರಲಿಲ್ಲ. ಬರುತ್ತದೆಂದು ಅವಳೂ ಕಾಯಲಿಲ್ಲ.

ವ್ಯಾಯಾಮ ಮಾಡಿಸಲು ಬರುವ ಸರಣ್ಯಾ ಒಂದು ಮಾತು ಹೇಳಿದ್ದಳು. ಬರೀ ಚೆಂಡು ಹಿಸುಕು ಎಂದರೆ ಅಜ್ಜಿಗೆ ಬೇಸರ, ಮುಟ್ಟಿದರೆ ಉತ್ತರ ಕೊಡುವಂಥದ್ದು ಏನಾದರೂ ಮುಂದಿಡಿ ಎಂದು. ಮುತ್ತುಸೆಲ್ವಿಗೆ ಮಿಲ್ಲಿನ ಗೋಡೆಯ ಬುಡದಲ್ಲಿ ಹಬ್ಬಿದ್ದ ಮುಟ್ಟಿದರೆ ಮುನಿ ನೆನಪಾಯಿತು. ಒಣಕಾಯಿಗಳನ್ನು ಊಟದ ಡಬ್ಬಿಯಲ್ಲಿ ತಂದು, ಬೀಜವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಹಳೆಯ ಪೇಂಟ್ ಡಬ್ಬಿಯಲ್ಲಿ ಊರಿ, ಬಿಸಿಲು ಬೀಳುವ ಒಂದೇ ಒಂದು ಕಿಟಕಿಯಲ್ಲಿಟ್ಟಳು. ಮಹಡಿಯ ಬಾಡಿಗೆ ಕೋಣೆಗೆ ಅಂಗಳ ಎಲ್ಲಿಂದ ಬರಬೇಕು?

ಗಿಡ ಗೇಣುದ್ದವಾದಾಗ ಅಳಗಮ್ಮಾಳ್ ಗುರುತು ಹಿಡಿದಳು.

“ಏನಮ್ಮಾ, ಇದು ತೊಟ್ಟಾಸಿಣುಂಗಿ ಅಲ್ಲವಾ? ಚಿನ್ನಮನೂರ್ ವಯಲ್‌ನಾಗೆ, ಆ ಭತ್ತದ ಗದ್ದೇಲಿ, ಇದನ್ನ ಕಿತ್ತು ಕಿತ್ತೇ ನನ್ ಬೆನ್ನು ಬಗ್ಗೋಯ್ತು. ನೀನು ಕಳೆಗೆ ನೀರು ಹೊಯ್ತೀಯಾ?”

“ಕಳೆ ಅಲ್ಲತ್ತೆ, ಮರುಂದು, ಕೈಗೆ ಮದ್ದು ಅಂದ್ಕಳಿ. ಬೆರಳು ತಗುಲ್ಸಿ ನೋಡಣ.”

ದಿನಾ ಮಧ್ಯಾಹ್ನ ಮುತ್ತುಸೆಲ್ವಿ ಅತ್ತೆಯ ಬಲಗೈಯನ್ನೆತ್ತಿ ಎಲೆಯ ಮೇಲಿಡುವಳು. ಎಲೆ ಮುದುಡುತ್ತಿತ್ತು. ಮುದುಡಿಸಿದ್ದು ಸೊಸೆಯ ಕೈ, ಅತ್ತೆಯ ಬೆರಳಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮತ್ತೆ ಮತ್ತೆ ಮುಟ್ಟಿದರೆ ಗಿಡವೂ ಸೋತು ಸುಮ್ಮನಾಗುತ್ತಿತ್ತು. “ಬುಡಮ್ಮಾ, ಅದಕ್ಕೂ ಸಾಕಾಗೈತೆ” ಎಂದು ಅಳಗಮ್ಮಾಳ್ ಮುಖ ತಿರುಗಿಸುವಳು. ಗಿಡಕ್ಕೆ ಮುನಿಸಿಕೊಳ್ಳುವ ಅನುಕೂಲವಾದರೂ ಇತ್ತು. ಮುತ್ತುಸೆಲ್ವಿ ಮುನಿಸಿಕೊಂಡರೆ ಆ ದಿನ ಒಲೆ ಹತ್ತುವುದಿಲ್ಲ.

ಹೀಗೆ ನಾಲ್ಕು ತಿಂಗಳು. ಪೊಂಗಲ್‌ಗೆ ಮುಂಚಿನ ಮಾರ್ಗಳಿ ತಿಂಗಳ ಚಳಿಯಲ್ಲಿ ಒಂದು ಬೆಳಿಗ್ಗೆ ಗಿಡದಲ್ಲಿ ತಿಳಿಗುಲಾಬಿ ಬಣ್ಣದ ಉಂಡೆ ಹೂವೊಂದು ಅರಳಿತ್ತು. ಪಾಳಿಗೆ ತಡವಾಗುತ್ತಿದ್ದರೂ ಮುತ್ತುಸೆಲ್ವಿ ನಿಂತು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಸಂತೋಷವಾಗಿತ್ತು.

“ಪೂ ಬಿಟ್ಬುಡ್ತಾ?” ಎಂದು ಅತ್ತೆ ಮಂಚದಿಂದಲೇ ಎರಡು ಸಲ ಕೇಳಿದಳು. ಅವಳಿಗೂ ಸಂತೋಷವೆಂದೇ ಸೊಸೆ ತಿಳಿದಳು.

ಮಧ್ಯಾಹ್ನ ಬಂದು ನೋಡಿದರೆ ಡಬ್ಬಿ ಉರುಳಿ ನೆಲವೆಲ್ಲ ಮಣ್ಣು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಳಗಮ್ಮಾಳ್ ಏದುಸಿರು ಬಿಡುತ್ತ ಕೂತಿದ್ದಳು. ಕಿತ್ತ ಗಿಡ ಅವಳ ಮಡಿಲಲ್ಲಿತ್ತು. ಮುತ್ತುಸೆಲ್ವಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ, ಸಿಟ್ಟು ಮಾತ್ರ ನೆತ್ತಿಗೇರಿತು.

“ಏನತ್ತೆ ಮಾಡಿದ್ರಿ! ಯಾರಿಗೋಸ್ಕರ ಬೆಳೆಸ್ದೆ ನಾನು ಇದನ್ನ?”

“ಪೂ ಬಿಟ್ಟ ಕಳೇನ ಯಾರಾನಾ ನಿಲ್ಲುಸ್ತಾರಾ? ಬೀಜ ಉದುರಿದ್ರೆ ಮುಂದ್ಲ ಬೆಳೆಗೆ ವಯಲೆಲ್ಲಾ ಅದೇ. ಪೂ ಕಂಡ್ರೆ ಕೀಳ್ಬೇಕು. ಕಿಟಕಿ ಕಂಬಿ ಹಿಡ್ಕಂಡು ಎದ್ದೆ, ಕಿತ್ತೆ. ಅಷ್ಟೇ.”

ಮೂರನೇ ಮಹಡಿಯಲ್ಲಿ ಎಲ್ಲಿಯ ವಯಲು, ಎಲ್ಲಿಯ ಬೆಳೆ! ಹಲ್ಲು ಕಚ್ಚಿಕೊಂಡು ಪೊರಕೆ ತಂದು ಮಣ್ಣು ಗುಡಿಸತೊಡಗಿದ ಮುತ್ತುಸೆಲ್ವಿ ಅರ್ಧಕ್ಕೇ ನಿಂತಳು.

“ಕಂಬಿ ಯಾವ ಕೈಲಿ ಹಿಡ್ದಿದ್ರಿ ಅತ್ತೆ?”

ಅಳಗಮ್ಮಾಳ್ ಎಡಗೈ ಎತ್ತಿ ತೋರಿಸಿದಳು. ಆಮೇಲೆ ಇಬ್ಬರೂ ಮಡಿಲು ನೋಡಿದರು. ಬಲಗೈ ಮುಷ್ಟಿ ಕಟ್ಟಿತ್ತು. ಗಿಡದ ಬುಡ ಅದರೊಳಗಿತ್ತು, ಬೇರು ಕೆಳಗೆ ಜೋಲುತ್ತಿತ್ತು.

ಪೊರಕೆ ಬಿಸುಟು ಮುತ್ತುಸೆಲ್ವಿ ಮಂಡಿಯೂರಿದಳು. ಹಿಡಿದ ಬೆರಳುಗಳಿಗೆ ಈಗ ಬಿಡುವುದು ತಿಳಿಯದು. ಒಂದೊಂದನ್ನೇ ಬಿಡಿಸಿದಳು. ಅಂಗೈಯಲ್ಲಿ ಮುಳ್ಳುಗಳು ನೆಟ್ಟು ರಕ್ತ ಜಿನುಗಿತ್ತು. ಒಂದು ಮುಳ್ಳನ್ನು ಕೀಳುತ್ತಿದ್ದಂತೆ ಅತ್ತೆ ಕೈ ಎಳೆದುಕೊಂಡಳು.

“ಮೆಲ್ಲಗಮ್ಮಾ, ನೋಯ್ತದೆ.”

ಏಳು ತಿಂಗಳು ತಡೆದಿಟ್ಟ ಅಳು ಮುತ್ತುಸೆಲ್ವಿಗೆ ಒಮ್ಮೆಲೇ ಬಂತು.

“ಏನಂದ್ರಿ? ಇನ್ನೊಂದ್ ಸಲ ಹೇಳಿ ಅತ್ತೆ.”

“ನೋಯ್ತದೆ ಅಂದೆ! ನಿನಗೇನು ಕಿವಿ ಹೋಯ್ತಾ?”