ಸತ್ತಿಲ್ಲ, ಬರೀ ಮೂರ್ಛೆ

ಆಸ್ಪತ್ರೆಯ ಶವಾಗಾರದಲ್ಲಿ ಇಪ್ಪತ್ತಾರು ವರ್ಷ ಹೆಣ ಕಾದವನಿಗೆ ಜನ ಗುಂಡಿಗೆಯಣ್ಣ ಎಂದು ಹೆಸರಿಟ್ಟಿದ್ದರು. ಯಾವ ಹೆಣ ಕಂಡರೂ ಹುಬ್ಬು ಅಲುಗಿಸದ ಈ ಆಸಾಮಿ ದೂರಶಿಕ್ಷಣದಲ್ಲಿ ಪದವಿ ಓದಲು ಹೊರಟ. ಕಂಪ್ಯೂಟರ್ ಪರೀಕ್ಷೆ ಕಡ್ಡಾಯ ಎಂದು ಗೊತ್ತಾದ ದಿನ ಬೆವತು ತೊಪ್ಪೆಯಾದ.

ಚರಿತ್ರೆಯನ್ನು ಅವನು ಡ್ಯೂಟಿಯಲ್ಲೇ ಗಟ್ಟಿಯಾಗಿ ಓದಿ ಮುಗಿಸಿದ್ದ. ಅಲ್ಲಿ ಸದ್ದು ಮಾಡಬೇಡ ಎನ್ನುವವರು ಯಾರೂ ಇರಲಿಲ್ಲ. ಕಂಪ್ಯೂಟರ್ ಹಾಗಲ್ಲ. ಮುಟ್ಟಿದರೆ ಕೀಂ ಎನ್ನುತ್ತಿತ್ತು, “ಖಚಿತವೇ?” ಎಂದು ಕೇಳುತ್ತಿತ್ತು. ಮದುವೆಯ ದಿನವೂ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.

“ಅಪ್ಪಾ, ಅದೇನು ಕಚ್ಚುತ್ತಾ?” ಎಂದು ಮಗಳು ರೇಗಿದಳು.

“ಕಚ್ಚೋದಾಗಿದ್ರೆ ಇಂಜೆಕ್ಷನ್ ಇರ್ತಿತ್ತು. ಇದಕ್ಕೇನಿದೆ?”

ಪರೀಕ್ಷೆಯ ದಿನ ಬಂದೇಬಿಟ್ಟಿತು. ಕೋಣೆಯಲ್ಲಿ ಏಳು ಕಂಪ್ಯೂಟರ್, ಏಳು ಜನ. ಎಲ್ಲರೂ ನಡುವಯಸ್ಸು ದಾಟಿದವರು, ಎಲ್ಲರ ಮುಖವೂ ಹಲ್ಲು ಕೀಳಿಸಲು ಬಂದವರಂತೆ. ಮೇಲಧಿಕಾರಿಗೆ ರಜೆ ಕೋರಿ ಒಂದು ಪತ್ರ ಟೈಪು ಮಾಡಿ, ಮುದ್ರಿಸಿ ಕೊಡಬೇಕಿತ್ತು. ಗುಂಡಿಗೆಯಣ್ಣ “ಮಾನ್ಯರೇ” ಎಂದು ಮುಗಿಸುವಷ್ಟರಲ್ಲಿ ನಡುಗುತ್ತಿದ್ದ ಮೊಣಕಾಲು ಮೇಜಿಗೆ ಬಡಿಯಿತು. ಪರದೆ ಕಪ್ಪಾಯಿತು.

ಪಕ್ಕದಲ್ಲಿದ್ದ ದರ್ಜಿ ಹೆಂಗಸು ಇಣುಕಿ, “ಅಯ್ಯೋ, ಸತ್ತೇಹೋಯ್ತಲ್ಲಣ್ಣಾ!” ಎಂದಳು.

ಮೇಲ್ವಿಚಾರಕಿ ತಲೆ ಚಚ್ಚಿಕೊಂಡರು. “ರಿಪೇರಿಯವನು ಟೀ ಕುಡಿಯೋಕೆ ಹೋದವನು ಪತ್ತೇನೇ ಇಲ್ಲ.”

ಆದರೆ ಸತ್ತಿತು ಎಂಬ ಮಾತು ಕೇಳಿದ್ದೇ ತಡ, ಗುಂಡಿಗೆಯಣ್ಣನ ಜಂಘಾಬಲ ವಾಪಸು ಬಂತು. ಸಾವಿನ ವಿಷಯದಲ್ಲಿ ಅವನೆದುರು ಮಾತಾಡುವ ಯೋಗ್ಯತೆ ಆ ಕೋಣೆಯಲ್ಲಿ ಯಾರಿಗಿತ್ತು? ಮೇಜಿನಡಿಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಕಿವಿ ಕೊಟ್ಟ. ಒಳಗೆ ಫ್ಯಾನು ಗುಂಯ್‌ಗುಡುತ್ತಿತ್ತು.

“ಸತ್ತಿಲ್ಲಮ್ಮ, ಬರೀ ಮೂರ್ಛೆ. ಸತ್ತೋರು ಹಿಂಗೆ ಬಿಸಿ ಇರಲ್ಲ.”

ಪರದೆಯ ಹಿಂದೆ ಕೈಯಾಡಿಸಿದ. ಸಡಿಲಗೊಂಡಿದ್ದ ವೈರನ್ನು ಒತ್ತಿ ಕೂರಿಸಿದ. “ಮಾನ್ಯರೇ” ಎದ್ದು ಕೂತಿತು.

ಆಮೇಲೆ ಅವನಿಗೆ ಪುರುಸೊತ್ತೇ ಸಿಗಲಿಲ್ಲ. ಅಣ್ಣಾ ಇಲ್ಲಿ, ಅಣ್ಣಾ ನಂದೂ. ಒಬ್ಬರ ಮೌಸ್ ತಲೆಕೆಳಗಾಗಿತ್ತು, ಇನ್ನೊಬ್ಬರು ಪ್ರಿಂಟರಿನ ಸ್ವಿಚ್ಚನ್ನೇ ಹಾಕಿರಲಿಲ್ಲ. ಗೊತ್ತಿಲ್ಲದ್ದನ್ನೂ ಹೆದರದೆ ಒತ್ತಿ ನೋಡಿದ; ಯಾವುದೂ ಸಾಯಲಿಲ್ಲ.

“ಯಾವ ಕಂಪ್ಯೂಟರ್ ಕಂಪನಿ ಅಣ್ಣಾ ನಿಮ್ಮದು?” ಎಂದು ಯಾರೋ ಕೇಳಿದರು.

“ಶವಾಗಾರ.”

ಕೀಲಿಮಣೆಗಳ ಮೇಲಿದ್ದ ಕೈಗಳೆಲ್ಲ ಬಿಸಿ ಕಾವಲಿ ಮುಟ್ಟಿದಂತೆ ಮೇಲೆದ್ದವು. ದರ್ಜಿ ಹೆಂಗಸು ಮಾತ್ರ ಕನ್ನಡಕದ ಮೇಲಿಂದ ನೋಡಿದಳು.

“ಕೈ ತೊಳ್ಕೋತೀರಾ?”

“ದಿನಕ್ಕೆ ಇಪ್ಪತ್ತು ಸಲ.”

“ಹಂಗಾದ್ರೆ ನಮ್ಮನೆಯವರಿಗಿಂತ ವಾಸಿ ಬಿಡಿ,” ಎಂದು ಟೈಪು ಮುಂದುವರಿಸಿದಳು. ನಗುತ್ತ ನಗುತ್ತ ಉಳಿದವರ ಕೈಗಳೂ ಕೆಳಗಿಳಿದವು.

ಗುಂಡಿಗೆಯಣ್ಣ ಪತ್ರ ಮುಗಿಸಿದ. ಎರಡು ತಪ್ಪು, ನಾಲ್ಕು ಸಾಲು, ಪಾಸು. ಇನ್ನೊಂದು ಪ್ರತಿ ಮುದ್ರಿಸಿಕೊಂಡು, ಮಡಚಿದರೆ ಕೆಡುತ್ತದೆಂದು ಬಸ್ಸಿನಲ್ಲಿ ಉದ್ದಕ್ಕೂ ಎದೆಗೆ ಹಿಡಿದು ನಿಂತೇ ಬಂದ.

ಹೆಂಡತಿ ಓದಿ ನೋಡಿದಳು. “ಒಂದು ವಾರ ರಜೆ ಅಂತ ಇದೆ?”

“ಅದು ಪರೀಕ್ಷೆಗೆ ಬರೆದಿದ್ದು ಕಣೇ.”

“ಹದಿನೈದು ವರ್ಷದಿಂದ ಒಂದಿನ ರಜೆ ಹಾಕಿಲ್ಲ ನೀವು. ಸುಮ್ನೆ ಸಹಿ ಮಾಡ್ರೀ,” ಎಂದು ಪೆನ್ನು ತಂದುಕೊಟ್ಟಳು.